ಬಲ್ಬಿನ ಎಡಿಸನ್‌ಗೆ ಪಾಠ ಕಲಿಸಿದ ಬ್ಯಾಟರಿ

ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ಶಾಲೆಯ ಪಠ್ಯಪುಸ್ತಕದ ವಿದ್ಯುದ್ದೀಪ ಕಣ್ಣೆದುರು ಬರುತ್ತದೆ. ಸ್ವಲ್ಪ ಹೆಚ್ಚು ಓದಿಕೊಂಡವರಿಗೆ ಫೋನೋಗ್ರಾಫ್, ಚಲನಚಿತ್ರ ಯಂತ್ರಗಳೂ ನೆನಪಾಗಬಹುದು. ಆದರೆ ಈ ಮಹಾನ್ ಸಂಶೋಧಕ ತಮ್ಮ ಬದುಕಿನ ಹತ್ತು ಪ್ರೌಢ ವರ್ಷಗಳನ್ನೂ ಹತ್ತು ಲಕ್ಷ ಡಾಲರಿಗೂ ಮೀರಿದ ಹಣವನ್ನೂ ಸುರಿದದ್ದು ದೀಪಕ್ಕಲ್ಲ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಒಂದು ಬ್ಯಾಟರಿಗೆ. ದೀಪದ ಕಥೆಯಲ್ಲಿ ಗೆಲುವು ಎದ್ದು ಕಾಣುತ್ತದೆ. ಬ್ಯಾಟರಿಯ ಕಥೆಯಲ್ಲಿ ಮಾತು ಕೊಟ್ಟು ತಪ್ಪಿದ, ತಪ್ಪಿದ್ದನ್ನು ಒಪ್ಪಿಕೊಂಡು ಮತ್ತೆ ಕುಳಿತ ಮನುಷ್ಯ ಕಾಣುತ್ತಾನೆ.

ಇಂದು ಪವರ್ ಬ್ಯಾಂಕಿನ ಮೇಲೆ ಹತ್ತು ಸಾವಿರ, ಇಪ್ಪತ್ತು ಸಾವಿರ ಎಂಬ ಅಂಕಿ ಇರುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ 150 ಎಂದಿರುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನ ಜಾಹೀರಾತಿನಲ್ಲಿ ಒಂದೇ ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂದಿರುತ್ತದೆ. ಕೊಂಡವರ ಅನುಭವ ಮಾತ್ರ ಬೇರೆ. ಹೇಳಿದ ಅಂಕಿಗೂ ದೊರೆತ ಫಲಕ್ಕೂ ನಡುವಿನ ಈ ಅಂತರ ಬ್ಯಾಟರಿಯಷ್ಟೇ ಹಳೆಯದು. ಎಡಿಸನ್ ಅದರ ಎರಡೂ ದಡದಲ್ಲಿ ನಿಂತವರು: ಮೊದಲು ಪರರ ಅಂಕಿಗಳನ್ನು ಸುಳ್ಳೆಂದು ಜರೆದರು, ಆಮೇಲೆ ತಾವೇ ಒಂದು ಅಂಕಿಯನ್ನು ಲೋಕದ ಮುಂದಿಟ್ಟರು.

ಆಮ್ಲ ಚೆಲ್ಲಿದ ಯುವಕ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೊ ಪ್ರಾಂತದ ಮಿಲಾನ್ ಎಂಬ ಊರಿನಲ್ಲಿ. ಏಳು ವರ್ಷದವರಿದ್ದಾಗ ಕುಟುಂಬ ಮಿಷಿಗನ್‌ನ ಪೋರ್ಟ್ ಹ್ಯೂರಾನ್‌ಗೆ ಬಂತು. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ, ಕಲಿಸಿದವರು ತಾಯಿ. ಬಾಲ್ಯದಲ್ಲೇ ಕಿವಿ ಮಂದವಾಯಿತು. ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಿದರು. ತಂತಿ ಕಳಿಸುವ ವಿದ್ಯೆ ಕಲಿತು ಊರೂರು ಅಲೆದರು.

ಆ ಕಾಲದ ತಂತಿ ಕಚೇರಿಗಳೆಲ್ಲ ಬ್ಯಾಟರಿಯ ಮೇಲೆಯೇ ನಡೆಯುತ್ತಿದ್ದವು. ಹೀಗಾಗಿ ಎಡಿಸನ್‌ಗೆ ವಿದ್ಯುತ್ತಿನ ಮೊದಲ ಪರಿಚಯವಾದದ್ದು ಡೈನಮೋದಿಂದಲ್ಲ, ಆಮ್ಲ ತುಂಬಿದ ಜಾಡಿಗಳಿಂದ. ಲೂಯಿವಿಲ್ ನಗರದಲ್ಲಿ ರಾತ್ರಿಪಾಳಿಯಲ್ಲಿದ್ದಾಗ, 1867ರಲ್ಲಿ, ಬ್ಯಾಟರಿಯೊಡನೆ ಪ್ರಯೋಗ ಮಾಡುತ್ತ ಗಂಧಕಾಮ್ಲ ಚೆಲ್ಲಿದರು. ಅದು ಮರದ ನೆಲದ ಸಂದಿಯಲ್ಲಿ ಇಳಿದು ಕೆಳಗಿನ ಕೋಣೆಯಲ್ಲಿದ್ದ ಮೇಲಧಿಕಾರಿಯ ಮೇಜನ್ನು ಸೇರಿತು. ಮರುದಿನ ಕೆಲಸ ಹೋಯಿತು. ಇಪ್ಪತ್ತರ ಯುವಕನಿಗೆ ಅದು ದೊಡ್ಡ ಪೆಟ್ಟೇನೂ ಆಗಲಿಲ್ಲ. ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ಮೆನ್ಲೊ ಪಾರ್ಕಿನ ಪ್ರಯೋಗಾಲಯ ಕಟ್ಟಿದ್ದು, ಫೋನೋಗ್ರಾಫ್ ನುಡಿಸಿದ್ದು, 1879ರಲ್ಲಿ ಬಳಕೆಗೆ ಒದಗುವ ಬಲ್ಬನ್ನು ಬೆಳಗಿಸಿದ್ದು ಎಲ್ಲರೂ ಬಲ್ಲ ಸಂಗತಿ.

ಪ್ಯಾರಿಸ್‌ನಿಂದ ಬಂದ ಪೆಟ್ಟಿಗೆ

ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತಾನ್ ಪ್ಲಾಂತೆ 1859ರಲ್ಲೇ ರಚಿಸಿದ್ದರು. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಅದನ್ನು ಸುಧಾರಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಚಾರ್ಜ್ ಮಾಡಿದ ಫೋರ್ ಬ್ಯಾಟರಿಯ ಪೆಟ್ಟಿಗೆಯೊಂದನ್ನು ಗ್ಲಾಸ್ಗೋದಲ್ಲಿದ್ದ ವಿಜ್ಞಾನಿ ವಿಲಿಯಂ ಥಾಮ್ಸನ್ ಅವರಿಗೆ ಒಯ್ದು ಕೊಡಲಾಯಿತು. ಅದರಲ್ಲಿ ಹತ್ತು ಲಕ್ಷ ಅಡಿ-ಪೌಂಡುಗಳಷ್ಟು ಶಕ್ತಿ ಅಡಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಸಂಚಲನ ಉಂಟುಮಾಡಿತು. ಹತ್ತು ಲಕ್ಷ! ಕೇಳಿದವರು ಬೆರಗಾದರು, ಷೇರು ಕಂಪನಿಗಳು ಹುಟ್ಟಿಕೊಂಡವು.

ಆ ಹತ್ತು ಲಕ್ಷವನ್ನು ಇಂದಿನ ಲೆಕ್ಕಕ್ಕೆ ತಂದರೆ ಸುಮಾರು 377 ವ್ಯಾಟ್-ಅವರ್, ಅಂದರೆ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಂಕಿ ಸುಳ್ಳಾಗಿರಲಿಲ್ಲ. ಅಳತೆಯ ಮಾನ ಚಿಕ್ಕದಾಗಿತ್ತು, ಆದ್ದರಿಂದ ಸಂಖ್ಯೆ ದೊಡ್ಡದಾಗಿ ಕಂಡಿತು. ಇಂದಿನ ಪವರ್ ಬ್ಯಾಂಕ್ ತಯಾರಕರು ಹತ್ತು ಆಂಪಿಯರ್-ಅವರ್ ಎನ್ನದೆ ಹತ್ತು ಸಾವಿರ ಮಿಲಿಆಂಪಿಯರ್-ಅವರ್ ಎನ್ನುವುದರಲ್ಲಿಯೂ ಇದೇ ಜಾಣ್ಮೆಯಿದೆ.

ಎಡಿಸನ್ ಆಗ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ಕಟ್ಟುವ ಗಡಿಬಿಡಿಯಲ್ಲಿದ್ದರು. 1882ರ ಸೆಪ್ಟೆಂಬರ್ 4ರಂದು ಅದು ಆರಂಭವಾಯಿತು. ಮರುವರ್ಷ ಅವರು ಸಂಚಾಯಕ ಬ್ಯಾಟರಿಗಳ ವಿರುದ್ಧ ಹರಿಹಾಯ್ದರು. ಇದು ಷೇರು ಕಂಪನಿಗಳು ಜನರನ್ನು ಸುಲಿಯಲು ಹೂಡಿದ ಉಪಾಯವೆಂದೂ, ಬ್ಯಾಟರಿಯ ಕೆಲಸಕ್ಕೆ ಕೈಹಾಕಿದ ಮನುಷ್ಯನೊಳಗೆ ಅಡಗಿದ್ದ ಸುಳ್ಳು ಹೇಳುವ ಶಕ್ತಿ ಹೊರಬೀಳುತ್ತದೆಂದೂ ಅವರ ಅಭಿಪ್ರಾಯವಾಗಿತ್ತು. ಮಾತು ಕಟುವಾಗಿದ್ದರೂ ಪೂರ್ತಿ ನಿಸ್ವಾರ್ಥವಾದದ್ದೆಂದು ಹೇಳಲಾಗದು. ಮನೆಮನೆಗೆ ತಂತಿ ಎಳೆದು ಕರೆಂಟ್ ಮಾರುವವರಿಗೆ ಪೆಟ್ಟಿಗೆಯಲ್ಲಿ ಕರೆಂಟ್ ತುಂಬಿ ಮಾರುವವರು ಎದುರಾಳಿಗಳೇ ತಾನೆ. ಮುಂದೆ ಅದೇ ಡಿಸಿ ವಿದ್ಯುತ್ ಕೇಂದ್ರಗಳು ಸೀಸದ ಬ್ಯಾಟರಿಗಳ ಆಸರೆ ಪಡೆದವು ಎಂಬುದು ಬೇರೆ ಮಾತು.

1892ರಲ್ಲಿ ಎಡಿಸನ್ ಹೆಸರಿನ ಕಂಪನಿ ಇನ್ನೊಂದರೊಡನೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆಯಿತು. ಎಡಿಸನ್ ಹೆಸರೂ ಹಿಡಿತವೂ ಜೊತೆಯಲ್ಲೇ ಹೋದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಲು ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ಜನರಲ್ ಎಲೆಕ್ಟ್ರಿಕ್. ಹರಿದದ್ದು ಮಾತ್ರ ಎಡಿಸನ್ ಕಡುವಾಗಿ ವಿರೋಧಿಸಿದ್ದ ಎಸಿ ವಿದ್ಯುತ್.

ಒಂದು ಪೌಂಡಿಗೆ ಹದಿನಾಲ್ಕು

ತೊಂಬತ್ತರ ದಶಕದಲ್ಲಿ ಎಡಿಸನ್ ನ್ಯೂಜೆರ್ಸಿಯ ಆಗ್ಡೆನ್‌ನಲ್ಲಿ ಕಬ್ಬಿಣದ ಅದಿರು ಬೇರ್ಪಡಿಸುವ ಉದ್ಯಮಕ್ಕೆ ಕೈಹಾಕಿ ಸುಮಾರು ಇಪ್ಪತ್ತು ಲಕ್ಷ ಡಾಲರ್ ಕಳೆದುಕೊಂಡರು. ವಯಸ್ಸು ಐವತ್ತು ದಾಟಿತ್ತು. ರಸ್ತೆಗೆ ಮೋಟಾರು ವಾಹನಗಳು ಇಳಿಯುತ್ತಿದ್ದವು. ಪೆಟ್ರೋಲ್, ಉಗಿ, ವಿದ್ಯುತ್ ಮೂರರಲ್ಲಿ ಯಾವುದು ಉಳಿಯುವುದೋ ಯಾರಿಗೂ ತಿಳಿಯದ ಕಾಲ. ವಿದ್ಯುತ್ ವಾಹನಕ್ಕೆ ಇದ್ದ ಕೊರತೆ ಒಂದೇ: ಸೀಸದ ಬ್ಯಾಟರಿ ಬಹಳ ಭಾರ, ಆಮ್ಲ ಒಳಗಿನ ತಟ್ಟೆಗಳನ್ನು ತಿನ್ನುತ್ತಿತ್ತು.

ತಾವು ಬೈದ ವಸ್ತುವನ್ನೇ ಎಡಿಸನ್ 1899ರ ಸುಮಾರಿಗೆ ಕೈಗೆತ್ತಿಕೊಂಡರು. ಆಮ್ಲದ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರ ದ್ರಾವಣ, ಸೀಸದ ಬದಲು ನಿಕ್ಕಲ್ ಮತ್ತು ಕಬ್ಬಿಣ. ಈ ದಾರಿಯಲ್ಲಿ ಅವರು ಒಂಟಿಯಾಗಿರಲಿಲ್ಲ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಅದೇ ಹೊತ್ತಿಗೆ ನಿಕ್ಕಲ್-ಕ್ಯಾಡ್ಮಿಯಂ, ನಿಕ್ಕಲ್-ಕಬ್ಬಿಣ ಎರಡನ್ನೂ ರೂಪಿಸಿದ್ದರು. ಪೇಟೆಂಟಿಗಾಗಿ ಇಬ್ಬರ ನಡುವೆ ವ್ಯಾಜ್ಯ ನಡೆಯಿತು. ಹಣಬಲದಲ್ಲಿ ಯುಂಗ್ನರ್ ಸರಿಸಾಟಿಯಾಗಿರಲಿಲ್ಲ. ಅಮೆರಿಕದ ಪುಸ್ತಕಗಳು ಈ ಹೆಸರನ್ನು ಅವಸರದಲ್ಲಿ ದಾಟಿ ಹೋಗುವುದು ನ್ಯಾಯವಲ್ಲ.

1901ರ ಮೇ ತಿಂಗಳಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಭೆಯಲ್ಲಿ ಹೊಸ ಬ್ಯಾಟರಿಯ ವಿವರ ಮಂಡಿಸಿದವರು ಆರ್ಥರ್ ಕೆನೆಲಿ. ಬಾಂಬೆಯ ಕೊಲಾಬಾದಲ್ಲಿ ಹುಟ್ಟಿದ ಇವರು ಎಡಿಸನ್ ಪ್ರಯೋಗಾಲಯದ ಹಳೆಯ ಸಹಾಯಕರು. ಅವರು ಕೊಟ್ಟ ಮುಖ್ಯ ಅಂಕಿ, ಒಂದು ಪೌಂಡ್ ತೂಕಕ್ಕೆ 14 ವ್ಯಾಟ್-ಅವರ್. ಕಿಲೋಗ್ರಾಂ ಲೆಕ್ಕದಲ್ಲಿ ಸುಮಾರು 31. ಅಂದಿನ ಸೀಸದ ಬ್ಯಾಟರಿಗಳು ಪೌಂಡಿಗೆ ನಾಲ್ಕರಿಂದ ಆರು ವ್ಯಾಟ್-ಅವರ್ ಕೊಡುತ್ತಿದ್ದವು. ಅಂದರೆ ಅದೇ ತೂಕದಲ್ಲಿ ಎರಡರಿಂದ ಮೂರು ಪಟ್ಟು ದೂರ ಓಡುವ ಗಾಡಿ.

ಲೆಕ್ಕದಲ್ಲಿ ಮೋಸವಿರಲಿಲ್ಲ. ತೂಕಕ್ಕೆ ಇಷ್ಟು ಶಕ್ತಿ ಎಂದು ಹೇಳುವ ಈ ಕ್ರಮ ಇಂದಿನ ಎಷ್ಟೋ ಜಾಹೀರಾತುಗಳಿಗಿಂತ ಪ್ರಾಮಾಣಿಕವೇ. ಆದರೆ ಆ ಹದಿನಾಲ್ಕು ಹೊಸ ಬ್ಯಾಟರಿಯ ಅಂಕಿ. ಕಲ್ಲುಹಾಸಿನ ರಸ್ತೆಯಲ್ಲಿ ವರ್ಷವಿಡೀ ಕುಲುಕಿದ ಮೇಲೆ, ನೂರಾರು ಬಾರಿ ಚಾರ್ಜ್ ಆಗಿ ಖಾಲಿಯಾದ ಮೇಲೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಅದು ಉತ್ತರವಾಗಿರಲಿಲ್ಲ.

ಹಿಂದಕ್ಕೆ ಕರೆದ ಸರಕು

ಎಡಿಸನ್ ಪರೀಕ್ಷೆ ಮಾಡಿಸಲಿಲ್ಲವೆಂದಲ್ಲ. ಬ್ಯಾಟರಿಗಳನ್ನು ಪ್ರಯೋಗಾಲಯದ ಮಹಡಿಯ ಕಿಟಕಿಯಿಂದ ಕೆಳಕ್ಕೆ ಎಸೆಯಿಸಿದರು, ಗಾಡಿಗಳಲ್ಲಿಟ್ಟು ಕೆಟ್ಟ ರಸ್ತೆಗಳಲ್ಲಿ ಓಡಿಸಿದರು. 1903-04ರಲ್ಲಿ ಇ ಮಾದರಿಯ ಕೋಶಗಳು ಮಾರುಕಟ್ಟೆಗೆ ಬಂದವು. ನ್ಯೂಯಾರ್ಕಿನ ಸರಕು ಸಾಗಣೆ ಗಾಡಿಗಳು ಕೊಂಡವು.

ದೂರುಗಳು ಬರತೊಡಗಿದವು. ಡಬ್ಬದ ಬೆಸುಗೆಯಲ್ಲಿ ದ್ರಾವಣ ಸೋರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಕೆಲವು ಕೋಶಗಳ ಸಾಮರ್ಥ್ಯ ಕುಗ್ಗುತ್ತಿತ್ತು, ಕೆಲವದು ಕುಗ್ಗುತ್ತಿರಲಿಲ್ಲ. ಯಾವುದು ಯಾವಾಗ ಕೈಕೊಡುವುದೋ ಹೇಳುವಂತಿರಲಿಲ್ಲ. ಕಾರಣ ಧನಧ್ರುವದ ಒಳಗಿತ್ತು. ನಿಕ್ಕಲ್ ಹೈಡ್ರಾಕ್ಸೈಡ್ ತಾನಾಗಿ ಚೆನ್ನಾಗಿ ವಿದ್ಯುತ್ ಹರಿಸದು. ಅದಕ್ಕೆಂದು ಗ್ರಾಫೈಟ್ ಬೆರೆಸಿದ್ದರು. ಚಾರ್ಜ್ ಆಗುವಾಗ ಹಿಗ್ಗಿ, ಖಾಲಿಯಾಗುವಾಗ ಕುಗ್ಗಿ, ಕಣಕಣದ ನಡುವಣ ಸಂಪರ್ಕ ಕಡಿದುಹೋಗುತ್ತಿತ್ತು. ವಸ್ತು ಒಳಗೇ ಇರುತ್ತಿತ್ತು, ಕೆಲಸಕ್ಕೆ ಮಾತ್ರ ಸಿಗುತ್ತಿರಲಿಲ್ಲ.

ಎಡಿಸನ್ ತಯಾರಿಕೆ ನಿಲ್ಲಿಸಿದರು, ಮಾರಿದ್ದನ್ನು ಹಿಂದಕ್ಕೆ ಪಡೆದರು. ಅವರ ವಕೀಲ ಫ್ರಾಂಕ್ ಡಯರ್ ಸಹಲೇಖಕರಾಗಿ 1910ರಲ್ಲಿ ಬರೆದ ಜೀವನಚರಿತ್ರೆಯ ಪ್ರಕಾರ, ಇಷ್ಟೇ ಸಾಕು, ಇದನ್ನೇ ಕೊಡಿ ಎಂದು ಕೇಳಿದ ಗಿರಾಕಿಗಳೂ ಇದ್ದರಂತೆ. ಸ್ವಂತ ವಕೀಲರು ಬರೆದದ್ದಾದ್ದರಿಂದ ಆ ಮಾತಿಗೆ ತುಸು ರಿಯಾಯಿತಿ ಕೊಟ್ಟೇ ಓದಬೇಕು. ಸರಕು ಹಿಂದಕ್ಕೆ ಬಂದದ್ದಂತೂ ನಿಜ. ಆಗ್ಡೆನ್‌ನಲ್ಲಿ ಕೈಸುಟ್ಟುಕೊಂಡಿದ್ದ ಮನುಷ್ಯ ಮತ್ತೆ ಐದು ವರ್ಷ ಪ್ರಯೋಗಶಾಲೆ ಸೇರಿದರು.

ಆ ಅವಧಿಯಲ್ಲಿ ನಡೆದ ಪ್ರಯೋಗಗಳು ಎಷ್ಟು? ಒಬ್ಬರು ಒಂಬತ್ತು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಐವತ್ತು ಸಾವಿರ ಎನ್ನುತ್ತಾರೆ. ಬ್ಯಾಟರಿಯ ಸುತ್ತ ಅಂಕಿಗಳು ಹಿಗ್ಗುವುದಕ್ಕೆ ಬ್ಯಾಟರಿಯೇ ಬೇಕೆಂದಿಲ್ಲ.

ಕೊನೆಗೆ ದೊರೆತ ಪರಿಹಾರ ಸೊಗಸಾದದ್ದು. ತಾಮ್ರ ಮತ್ತು ನಿಕ್ಕಲ್ಲನ್ನು ಒಂದರ ಮೇಲೊಂದು ಅತಿ ತೆಳು ಪದರಗಳಾಗಿ ಲೇಪಿಸಿ, ಸಣ್ಣಗೆ ಕತ್ತರಿಸಿ, ತಾಮ್ರವನ್ನು ಕರಗಿಸಿದರೆ ಕೂದಲಿಗಿಂತ ಎಷ್ಟೋ ತೆಳುವಾದ ನಿಕ್ಕಲ್ ಹಾಳೆಚೂರುಗಳು ಉಳಿಯುತ್ತಿದ್ದವು. ತೂತುಗಳುಳ್ಳ ಉಕ್ಕಿನ ನಳಿಕೆಯಲ್ಲಿ ಈ ಚೂರು ಒಂದು ಪದರ, ನಿಕ್ಕಲ್ ಹೈಡ್ರಾಕ್ಸೈಡ್ ಒಂದು ಪದರ ಎಂದು ನೂರಾರು ಪದರ ಜಡಿದು ತುಂಬಿದರು. ದ್ರಾವಣಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿದಾಗ ಸಾಮರ್ಥ್ಯ ಹೆಚ್ಚಿತು, ಬಹುಕಾಲ ನಿಂತಿತು. 1909ರಲ್ಲಿ ಎ ಮಾದರಿ ಹೊರಬಂದಾಗ ಎಡಿಸನ್‌ಗೆ 62 ವರ್ಷ.

ಅದೇ 150, ಹತ್ತು ಪಟ್ಟು ವ್ಯತ್ಯಾಸ

ಎ-4 ಎಂಬ ಕೋಶದ ಸಾಮರ್ಥ್ಯ 150 ಆಂಪಿಯರ್-ಅವರ್. ಇಲ್ಲಿ ಎಡಿಸನ್ ಕಂಪನಿ ಕೇವಲ ಅಂಕಿ ಹೇಳಿ ಸುಮ್ಮನಾಗಲಿಲ್ಲ. ಜೊತೆಗೆ ಷರತ್ತನ್ನೂ ಹೇಳಿತು. 30 ಆಂಪಿಯರ್ ಕರೆಂಟನ್ನು ಐದು ಗಂಟೆ ಕಾಲ ಪಡೆದರೆ 150. ಚಾರ್ಜ್ ಮಾಡಬೇಕಾದದ್ದು ಅದೇ 30 ಆಂಪಿಯರಿನಲ್ಲಿ ಏಳು ಗಂಟೆ. ತುಂಬಿದ್ದು 210, ಮರಳಿ ಬಂದದ್ದು 150. ಚಾರ್ಜ್ ಆಗುವಾಗ ಒಂದು ಕೋಶಕ್ಕೆ 1.7 ವೋಲ್ಟ್ ಆಸುಪಾಸು ಬೇಕು, ಕೊಡುವಾಗ ಸಿಗುವುದು 1.2. ಶಕ್ತಿಯ ಲೆಕ್ಕದಲ್ಲಿ ಸುಮಾರು ಅರ್ಧವೇ ಸೋರಿಹೋಗುತ್ತಿತ್ತು.

ಇಂದಿನ ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೂ 150 ಆಂಪಿಯರ್-ಅವರ್ ಎಂದೇ ಬರೆದಿರುತ್ತದೆ. ಎರಡೂ ಒಂದೇ ಏನು? ಎಡಿಸನ್ ಕೋಶದ 150ನ್ನು 1.2 ವೋಲ್ಟಿನಿಂದ ಗುಣಿಸಿದರೆ 180 ವ್ಯಾಟ್-ಅವರ್. ಇನ್ವರ್ಟರ್ ಬ್ಯಾಟರಿಯ 150ನ್ನು 12 ವೋಲ್ಟಿನಿಂದ ಗುಣಿಸಿದರೆ 1,800. ಅಂಕಿ ಒಂದೇ, ಶಕ್ತಿ ಹತ್ತು ಪಟ್ಟು ಬೇರೆ. ಆಂಪಿಯರ್-ಅವರ್ ಎಂಬುದು ಹರಿದ ಕರೆಂಟಿನ ಲೆಕ್ಕವೇ ಹೊರತು ಮಾಡಬಹುದಾದ ಕೆಲಸದ ಲೆಕ್ಕವಲ್ಲ. ವೋಲ್ಟ್ ತಿಳಿಯದೆ ಅದಕ್ಕೆ ಅರ್ಥವಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಇನ್ವರ್ಟರ್ ಬ್ಯಾಟರಿಯ 150ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಎಂದಿರುವುದನ್ನು ಗಮನಿಸುವವರು ಕಡಿಮೆ. ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, ಏಳೂವರೆ ಆಂಪಿಯರಿನಂತೆ ಬಳಸಿದರೆ ಮಾತ್ರ 150 ಸಿಗುತ್ತದೆಂದು ಅದರರ್ಥ. ಒಂದೇ ಗಂಟೆಯಲ್ಲಿ ಹೀರಿದರೆ ಸಿಗುವುದು ಸುಮಾರು ಅರ್ಧದಷ್ಟು. ಸೀಸದ ಬ್ಯಾಟರಿಯ ಈ ಸ್ವಭಾವವನ್ನು ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿದ್ದರು. ಸಿ10 ಎಂದು ಬರೆದ 150 ಮತ್ತು ಸಿ20 ಎಂದು ಬರೆದ 150 ಸಮವಲ್ಲ, ಮೊದಲನೆಯದು ಹೆಚ್ಚಿನದು. ಬೆಲೆ ಹೋಲಿಸುವವರು ಮೊದಲು ಇದನ್ನು ಹೋಲಿಸಬೇಕು.

ಪವರ್ ಬ್ಯಾಂಕಿನ ಕಥೆಯೂ ಇದೇ. ಹತ್ತು ಸಾವಿರ ಎಂಬುದು ಒಳಗಿನ ಲಿಥಿಯಂ ಕೋಶದ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಮೊಬೈಲಿಗೆ ಅದು ಹೋಗುವುದು 5 ವೋಲ್ಟಿಗೆ ಏರಿ. ಆಗ ಅದೇ ಶಕ್ತಿ 7,400 ಆಗುತ್ತದೆ. ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಇದು ಮೋಸವಲ್ಲ, ಬ್ರಾಂಡ್ ಕಂಪನಿಗಳು ಸಣ್ಣ ಅಕ್ಷರದಲ್ಲಿ ಎರಡನೆಯ ಅಂಕಿಯನ್ನೂ ಅಚ್ಚು ಹಾಕುತ್ತವೆ. ವಿಮಾನಯಾನ ಸಂಸ್ಥೆಗಳು ಮಿಲಿಆಂಪಿಯರಿಗೆ ಮರುಳಾಗದೆ 100 ವ್ಯಾಟ್-ಅವರ್ ಎಂಬ ಮಿತಿ ಇಟ್ಟಿರುವುದಕ್ಕೂ ಇದೇ ಕಾರಣ. ನಿಜವಾದ ಮೋಸ ಬೇರೆ ಇದೆ. ಟಾರ್ಚಿಗೆ ಹಾಕುವ 18650 ಅಳತೆಯ ಲಿಥಿಯಂ ಕೋಶದಲ್ಲಿ ಉತ್ತಮ ತಯಾರಕರೂ 3,500ರ ಆಸುಪಾಸು ತುಂಬಿಸಲು ಹೆಣಗುತ್ತಿರುವಾಗ, ಅಗ್ಗದ ಸರಕಿನ ಮೇಲೆ 9,900 ಎಂದು ನಿರಾತಂಕವಾಗಿ ಬರೆದಿರುತ್ತದೆ. ಎಡಿಸನ್ 1883ರಲ್ಲಿ ಹೇಳಿದ್ದು ಇಂಥವರಿಗೆ ಇಂದಿಗೂ ಹೊಂದುತ್ತದೆ.

ಓಡಿದ ದೂರ, ಓಡದ ಕಾರು

ಹೊಸ ಬ್ಯಾಟರಿಯನ್ನು ಬೇಕರ್, ಡೆಟ್ರಾಯಿಟ್ ಎಲೆಕ್ಟ್ರಿಕ್ ಮುಂತಾದ ಕಾರುಗಳಲ್ಲಿ ಬಳಸಿದರು. ಡೆಟ್ರಾಯಿಟ್ ಕಾರಿಗೆ ಸೀಸದ ಬದಲು ಎಡಿಸನ್ ಬ್ಯಾಟರಿ ಬೇಕೆಂದರೆ 600 ಡಾಲರ್ ಹೆಚ್ಚು ತೆರಬೇಕಿತ್ತು. ಈ ಕಾರು ಒಂದು ಪರೀಕ್ಷೆಯಲ್ಲಿ ಒಂದೇ ಚಾರ್ಜಿಗೆ 211.3 ಮೈಲಿ, ಅಂದರೆ 340 ಕಿಲೋಮೀಟರ್ ಓಡಿತ್ತು. ಆದರೆ ಗಿರಾಕಿಗೆ ಕಂಪನಿ ಹೇಳುತ್ತಿದ್ದದ್ದು 80 ಮೈಲಿ ಮಾತ್ರ. ಪರೀಕ್ಷಾ ಕೊಠಡಿಯ ಕಿಲೋಮೀಟರನ್ನು ದೊಡ್ಡಕ್ಷರದಲ್ಲೂ ರಸ್ತೆಯ ಕಿಲೋಮೀಟರನ್ನು ಚಿಕ್ಕಕ್ಷರದಲ್ಲೂ ಅಚ್ಚು ಹಾಕುವ ಇಂದಿನ ಸ್ಕೂಟರ್ ಜಾಹೀರಾತಿಗೆ ಹೋಲಿಸಿದರೆ ಆ ಸಂಕೋಚ ಮೆಚ್ಚತಕ್ಕದ್ದೇ.

ಆದರೂ ಕಾಲ ಎಡಿಸನ್ ಕಡೆಗಿರಲಿಲ್ಲ. ಗೆಳೆಯ ಹೆನ್ರಿ ಫೋರ್ಡ್ 1908ರಿಂದಲೇ ಅಗ್ಗದ ಪೆಟ್ರೋಲ್ ಕಾರನ್ನು ಮಾರತೊಡಗಿದ್ದರು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂದೊಡನೆ ಕೈಯಿಂದ ಹಿಡಿ ತಿರುಗಿಸುವ ಕಷ್ಟವೂ ತಪ್ಪಿತು. ಆ ಸ್ಟಾರ್ಟರಿಗೆ ಬೇಕಾದದ್ದು ಬ್ಯಾಟರಿಯೇ, ಆದರೆ ಕೆಲವೇ ಕ್ಷಣ ಭಾರಿ ಕರೆಂಟನ್ನು ಒಮ್ಮೆಗೇ ಎರೆಯುವ ಬ್ಯಾಟರಿ. ಎಡಿಸನ್ ಕೋಶದ ಒಳರೋಧ ಹೆಚ್ಚು. ಭಾರಿ ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತಿತ್ತು, ಚಳಿಯಲ್ಲಂತೂ ಮತ್ತಷ್ಟು. ಆಂಪಿಯರ್-ಅವರ್ ಎಷ್ಟೇ ಇರಲಿ, ಆ ಕೆಲಸ ಅದಕ್ಕೆ ಸಾಧ್ಯವಿರಲಿಲ್ಲ. ಇಂದಿನ ಕಾರ್ ಬ್ಯಾಟರಿಗಳಿಗೆ ಆಂಪಿಯರ್-ಅವರ್ ಜೊತೆಗೆ ಚಳಿಯಲ್ಲಿ ಎಂಜಿನ್ ತಿರುಗಿಸುವ ಆಂಪಿಯರ್ ಎಂಬ ಇನ್ನೊಂದು ಅಂಕಿ ಇರುವುದು ಇದಕ್ಕಾಗಿ. 1914ರ ಜನವರಿಯಲ್ಲಿ ಫೋರ್ಡ್ ಮತ್ತು ಎಡಿಸನ್ ಸೇರಿ ಅಗ್ಗದ ವಿದ್ಯುತ್ ಕಾರು ತರುತ್ತಾರೆಂದು ಪತ್ರಿಕೆಗಳು ಬರೆದವು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ.

ಜಲಾಂತರ್ಗಾಮಿಯ ಸ್ಫೋಟ

ಅಮೆರಿಕದ ನೌಕಾಪಡೆಗೆ ಎಡಿಸನ್ ಬ್ಯಾಟರಿ ಹಿಡಿಸಿದ್ದು ಬೇರೊಂದು ಗುಣಕ್ಕೆ. ಸೀಸದ ಬ್ಯಾಟರಿಯ ಗಂಧಕಾಮ್ಲಕ್ಕೆ ಸಮುದ್ರದ ನೀರು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮುಚ್ಚಿದ ಜಲಾಂತರ್ಗಾಮಿಯಲ್ಲಿ ಅದು ಸಾವಿನ ಸಮಾನ. ಕ್ಷಾರ ದ್ರಾವಣದಲ್ಲಿ ಆ ಭಯವಿಲ್ಲ. ಎಡಿಸನ್ ಕಂಪನಿಯ ಈ ಮಾತು ಅಕ್ಷರಶಃ ನಿಜ.

ಇ-2 ಎಂಬ ಜಲಾಂತರ್ಗಾಮಿಗೆ ಈ ಬ್ಯಾಟರಿಗಳನ್ನು ಜೋಡಿಸಿದರು. 1916ರ ಜನವರಿ 15ರಂದು ಬ್ರೂಕ್ಲಿನ್ ನೌಕಾಂಗಣದಲ್ಲಿ, ಬ್ಯಾಟರಿ ಪರೀಕ್ಷೆ ನಡೆದಿದ್ದಾಗ, ಒಳಗೆ ತುಂಬಿಕೊಂಡಿದ್ದ ಜಲಜನಕ ಸ್ಫೋಟಿಸಿತು. ಒಳಗೆ ದುಡಿಯುತ್ತಿದ್ದವರು ಸತ್ತರು, ಇನ್ನಷ್ಟು ಮಂದಿ ಗಾಯಗೊಂಡರು. ನಿಕ್ಕಲ್-ಕಬ್ಬಿಣದ ಕೋಶ ಜಲಜನಕವನ್ನು ಧಾರಾಳವಾಗಿ ಬಿಡುತ್ತದೆ. ಗಾಳಿಯಾಡುವ ವ್ಯವಸ್ಥೆ ಸಾಲದಾಗಿತ್ತೆಂದು ಎಡಿಸನ್ ಕಡೆಯವರು, ಬ್ಯಾಟರಿಯದೇ ದೋಷವೆಂದು ಇನ್ನೊಂದು ಕಡೆಯವರು ವಾದಿಸಿದರು. ಕ್ಲೋರಿನ್ ಬಗ್ಗೆ ದೊಡ್ಡ ದನಿಯಲ್ಲಿ ಹೇಳಿದ್ದರ ಜೊತೆಗೆ ಜಲಜನಕದ ಬಗ್ಗೆಯೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಬೇಕಿತ್ತು. ಜಲಾಂತರ್ಗಾಮಿಗಳ ಕನಸು ಅಲ್ಲಿಗೆ ಮುಗಿಯಿತು.

ಬ್ಯಾಟರಿ ಮಾತ್ರ ಮುಗಿಯಲಿಲ್ಲ. ಕಾರಿಗೆಂದು ಹುಟ್ಟಿದ್ದು ಗಣಿಗಾರರ ತಲೆದೀಪಕ್ಕೆ, ರೈಲು ಡಬ್ಬಿಯ ಬೆಳಕಿಗೆ, ಸಿಗ್ನಲ್ಲಿಗೆ, ಕಾರ್ಖಾನೆಯ ಸರಕುಗಾಡಿಗೆ ಒದಗಿತು. ನಿಧಾನವಾಗಿ, ದೀರ್ಘಕಾಲ, ಒರಟು ಕೈಗಳಲ್ಲಿ ದುಡಿಯುವ ಕೆಲಸಗಳವು. ಅತಿಯಾಗಿ ಚಾರ್ಜ್ ಮಾಡಿದರೂ, ಪೂರ್ತಿ ಬರಿದು ಮಾಡಿಟ್ಟರೂ ಅದು ಸಹಿಸುತ್ತಿತ್ತು. ದಶಕಗಳ ನಂತರ ಹೊಸ ದ್ರಾವಣ ತುಂಬಿ ಬಳಸಿದವರಿದ್ದಾರೆ. ತೂಕಕ್ಕೆ ಎಷ್ಟು ಎಂಬ ಸ್ಪರ್ಧೆಗೆಂದು ಹೊರಟ ಬ್ಯಾಟರಿ ಕೊನೆಗೆ ಎಡಿಸನ್‌ಗೆ ಲಾಭ ತಂದದ್ದು ಎಷ್ಟು ವರ್ಷ ಎಂಬ ಬೇರೆಯೇ ಅಂಕಿಯಿಂದ. ಆ ಅಂಕಿ 1901ರ ಸಭೆಯಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

ಎಡಿಸನ್ 1931ರ ಅಕ್ಟೋಬರ್ 18ರಂದು ವೆಸ್ಟ್ ಆರೆಂಜ್‌ನ ಮನೆಯಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬ್ಯಾಟರಿ ಉದ್ಯಮವನ್ನು 1972ರಲ್ಲಿ ಕೊಂಡದ್ದು ಎಕ್ಸೈಡ್ ಹೆಸರಿನಲ್ಲಿ ಸೀಸದ ಬ್ಯಾಟರಿ ಮಾರುತ್ತಿದ್ದ ಅಮೆರಿಕದ ಹಳೆಯ ಎದುರಾಳಿ ಕಂಪನಿ. ಭಾರತದ ಅದೇ ಹೆಸರಿನ ಕಂಪನಿ ಬೇರೆ. 1975ರಲ್ಲಿ ನಿಕ್ಕಲ್-ಕಬ್ಬಿಣದ ಕೋಶಗಳ ತಯಾರಿಕೆಯನ್ನು ಅದು ನಿಲ್ಲಿಸಿತು. ಎಡಿಸನ್ ಮತ್ತು ಯುಂಗ್ನರ್ ಕಾದಾಡಿದ ನಿಕ್ಕಲ್ ಹೈಡ್ರಾಕ್ಸೈಡಿನ ಧನಧ್ರುವ ಮಾತ್ರ ಮಕ್ಕಳ ಆಟಿಕೆಗೆ, ಕ್ಯಾಮೆರಾದ ಫ್ಲ್ಯಾಷಿಗೆ ಹಾಕುವ ರೀಚಾರ್ಜೆಬಲ್ ನಿಕ್ಕಲ್ ಸೆಲ್ಲುಗಳಲ್ಲಿ ಇಂದಿಗೂ ಇದೆ. ಅವುಗಳ ಮೇಲಿನ 2,000 ಎಂಬ ಅಂಕಿಯನ್ನು ಅಳೆಯುವುದೂ ಐದು ಗಂಟೆಯಲ್ಲಿ, ಕೋಶ 1 ವೋಲ್ಟಿಗೆ ಇಳಿಯುವವರೆಗೆ.